ತುಟಿ ಓದೂದು

ಬನಹಟ್ಟ್ಯಾಗ ಮಗ್ಗ ನಡಸವರಿಗೆ
ಕಿವಿ ಅರ್ಧ ಆಯುಷ್ಯಕ್ಕ ಮುಗೀತಾವ.
ಹಂಗಂತ ಮಾತೇನು ನಿಂತಿಲ್ಲ.
ಎಂಟು ಮಗ್ಗ ಒಮ್ಮೆಲೆ ಬಡಕೊಳ್ಳೂವಾಗ
ಆಚಿ ಗ್ವಾಡಿಗಿದ್ದ ರಾಚಪ್ಪ ತುಟಿ ಅಲ್ಲಾಡಿಸಿದರ ಸಾಕು,
ಚಾ ಬೇಕೋ, ಎಳಿ ಹರದೈತೋ, ಸಾವ್ಕಾರ ಬಂದನೋ,
ತಿಳೀತೈತಿ ನನಗ.

ಹಿಂಗಾಗಿ ಫೋನಿನ್ಯಾಗ ಆಕಿ ಬಂದಾಗ
ನಾ ಮೊದಲು ನೋಡಿದ್ದು ಬಾಯಿ.
ವಿಂಧ್ಯಾ ಮೇಡಂ, ಮೈಸೂರು.
ಹಿಂದ ಒಂದು ಹಸರ ಗಿಡ, ಪುಸ್ತಕದ ಕಪಾಟು.
ಶನಿವಾರ ಮೂರಕ್ಕ, ನಲವತ್ತೈದು ನಿಮಿಷ,
ಎರಡು ಸೀರಿ ನೇಯ್ದ ಕೂಲಿ.

ನೂಲಿನ ಖೋಲಿ ಬಾಗಲಾ ಹಾಕಿ
ಡಬ್ಬಿಗೆ ಫೋನ್ ಆನಿಸಿ ಕೂಡ್ತೀನಿ.
ಸುಳ್ಳ್ಯಾಕ, ಇದೊಂದು ಸುಖ ಐತಿ:
ಬಸ್ ಸ್ಟ್ಯಾಂಡಿನ್ಯಾಗ ಯಾರೂ ನೋಡೂದಿಲ್ಲ.
ನಮ್ಮ ಕಡೆ ಧಾರವಾಡಕ್ಕ ಹ್ವಾದ ಅಂದ್ರ
ಓದಾಕ ಹ್ವಾದ ಅಂತ ಯಾರೂ ತಿಳಕೊಳ್ಳೂದಿಲ್ಲ,
ನಕ್ಕೋತ ಹಣಿ ಹಂತೇಕ ಬಟ್ಟು ತಿರುವ್ತಾರ.

'ಹೇಗನ್ನಿಸ್ತಿದೆ?' ಅಂತಾಳ.
'ಜೀವಾ ಕಲಕಲ ಅಂತೈತ್ರಿ.'
'ಅಂದ್ರೆ? ಭಯಾನಾ, ದುಃಖಾನಾ?'
ಎರಡೂ ಅಲ್ರಿ. ಎರಡೂ ಹೌದು.
ಹಾಸು ಸಡ್ಲಾದಾಗ ಮಗ್ಗ ನಡದೇ ನಡೀತೈತಿ,
ಬಟ್ಟಿ ಮಾತ್ರ ಬರೂದಿಲ್ಲ, ಹಂಗ.
ಆಕಿ ಬರಕೊಂಡ್ಲು.
ಬರಕೊಳ್ಳಾಕ ತೆಳಗ ಬಗ್ಗಿದ್ಲು,
ತುಟಿ ಕಾಣದಂಗಾದ್ವು.

ನೆಟ್ ಸೊರಗಿದರ, 'ವಿಡಿಯೋ ಆಫ್ ಮಾಡೋಣ,
ಬರೀ ದನಿ ಸಾಕು.'
ನಿಮಗ ಸಾಕ್ರಿ.
ನನಗ ದನಿ ಅಂದ್ರ ಬಾವ್ಯಾಗಿನ ಬುಡುಬುಡು.
ಮತ್ತ ನಿಮಗ ಕಾಣೂದು ನನ್ನ ಎದಿ ತನಕ.
ಅದರ ತೆಳಗ ನನ್ನ ಬಟ್ಟು, ತಮ್ಮಷ್ಟಕ್ಕ ತಾವ,
ಇಲ್ಲದ ಎಳಿಗೆ ಗಂಟು ಹಾಕೋತ ಕುಂತಿರ್ತಾವ.

ಆದ್ರೂ ನಿದ್ದಿ ಬಂದೈತಿ. ಖರೆ ಹೇಳ್ಬೇಕು.
ನಾಕು ಎಣಿಸಿ ಉಸುರು ಎಳೀರಿ, ಆರು ಎಣಿಸಿ ಬಿಡ್ರಿ ಅಂದಿದ್ಲು.
ಲಾಳಿ ಹೋಗಿ ಬರೂ ಲೆಕ್ಕಕ್ಕ ಎಣಸ್ತೀನಿ.
ಒಂದೊಂದು ದಿನ ಹತ್ತಕ್ಕ ಮಕ್ಕೊಂಡಾಂವ ಐದಕ್ಕ ಎದ್ದೀನಿ,
ಹಂತಾ ನಿದ್ದಿ ಕಂಡು ಮೂರು ವರ್ಷ ಆಗಿತ್ತು.

ಏಳನೇ ವಾರ ತಮ್ಮನ ಮಾತು ಬಂತು.
ಬಂತು ಅಂದ್ರ ಗಂಟಲ ತನಕ ಬಂತು.
ಅಷ್ಟ್ರಾಗ ಕರೆಂಟ್ ಹ್ವಾತು.

ನಮ್ಮೂರಾಗ ಕರೆಂಟ್ ಹ್ವಾದ್ರ
ಮೊದಲು ಆರೂದು ದೀಪ ಅಲ್ಲ, ಸದ್ದು.
ಓಣಿಗೆ ಓಣೀನ ಉಸುರು ಹಿಡೀತೈತಿ.
ಫೋನಿನ್ಯಾಗ ಆಕಿ ಮಾರೀನೂ ಹಂಗ ನಿಂತಿತು,
ಒಂದು ಕಣ್ಣು ಅರ್ಧ ಮುಚ್ಚಿ,
ಬಾಯಿ ಏನೋ ಅನ್ನೂದರಾಗ.
ಓದಾಕ ನೋಡಿದೆ. ಬರಲಿಲ್ಲ.

ಆ ನಿಂತ ಮಾರಿಗೆ ಹೇಳಿಬಿಟ್ಟೆ.
ಜಗದಾಳ ಕ್ರಾಸಿನ್ಯಾಗ ಗಾಡಿ ಬಿದ್ದು
ಚಿದಾನಂದ ಏಳು ಸಲ ಫೋನ್ ಹಚ್ಚಿದ್ದ.
ಅಂಗಿ ಗೂಟಕ್ಕಿತ್ತು, ಫೋನ್ ಅಂಗಿಯೊಳಗಿತ್ತು,
ನಾ ನಾಕು ಮಾರು ದೂರ ಇದ್ದೆ.
ನಡುವ ಮಗ್ಗ ಇತ್ತು.
ಏಳೂ ಕೆಂಪು ಗುರುತು ಇನ್ನೂ ಅಳಿಸಿಲ್ರಿ,
ಇದ ಫೋನಿನ್ಯಾಗ ಅದಾವ,
ನಿಮ್ಮ ಮಾರಿ ಹಿಂದ.

ಟಾವರ್ ಜೀವ ಹಿಡದು ಆಕಿ ಅಲ್ಲಾಡಿದ್ಲು.
'ಹಲೋ, ಕಟ್ಟಾಗಿತ್ತು. ಏನೋ ಹೇಳ್ತಿದ್ರಿ?'
'ಮುಂದಿನ ವಾರ ಹೇಳ್ತೀನ್ರಿ.'
(ಹೇಳಿದೆ. ಎರಡನೇ ಸಲ ಅದು
ಗಂಟು ಬಿಚ್ಚಿದಂಗ ಅಲ್ಲ,
ತುದಿ ಯಾವುದು ಅಂತ ಸಿಕ್ಕಂಗಾತು.)

ಆದ್ರ ಅವತ್ತು ಬಾಗಲಾ ತಗದಾಗ
ಕಂಡಕಿ ಬುಟ್ಟಿ ಬಗಲಾಗ ಇಟಗೊಂಡು ನೀಲವ್ವ ನಿಂತಿದ್ಲು.
ಎಷ್ಟೊತ್ತಿನಿಂದ ನಿಂತಿದ್ಲೋ.
ಮೂರು ವರ್ಷ ಒಂದ ಮನ್ಯಾಗ ಇದ್ದು
ಕೇಳದ್ದನ್ನ ಕೇಳಿದ್ಲೋ.
ಮಗ್ಗ ಇನ್ನೂ ನಿಂತ ಇದ್ವು,
ಸೂಜಿ ಬಿದ್ದರೂ ಕೇಳೂವಷ್ಟು.
ಆದ್ರೂ ಆಕಿ ದನಿ ತಗೀಲಿಲ್ಲ,
ಶೆಡ್ಡಿನ್ಯಾಗ ಅಂದಂಗ
ಬರೀ ತುಟಿ ಅಲ್ಲಾಡಿಸಿದ್ಲು.

ಓದಿಕೊಂಡೆ.