ಪಡುಗಡಲಿಂದ ಮೂಡುಗಡಲಿಗೆ

ಜನವರಿಯ ಎರಡನೇ ಶನಿವಾರ.
ಡಂಡೀ ಊರಿನಲ್ಲಿ ಮೂರೂವರೆಗೇ ದೀಪ ಹಾಕಬೇಕು.
ನಾಲ್ಕು ಹಾಳೆ ಅಂಟಿಸಿದ ನಕ್ಷೆ ಮೇಜು ತುಂಬ ಹಾಸಿದ್ದೇವೆ
ಇಷ್ಬೆಲ್ ಮತ್ತು ನಾನು.
ನಾಲ್ಕು ಮೂಲೆಗೆ ನಾಲ್ಕು ಭಾರ:
ಉಪ್ಪಿನ ಡಬ್ಬಿ, ಮಾರ್ಮಲೇಡ್ ಸೀಸೆ,
ನನ್ನ ಗಂಡ ಟಾರ್ಕ್ವಿಲ್‌ನ ಕನ್ನಡಕದ ಪೆಟ್ಟಿಗೆ,
ಅವಳ ಮೊಣಕೈ.

ಪಡುಗಡಲಿಂದ ಮೂಡುಗಡಲಿಗೆ,
ಮೇ ತಿಂಗಳಲ್ಲಿ, ಹದಿನಾಲ್ಕು ದಿನ.
ಬೆಟ್ಟದ ಹಿಮ ಕರಗಿ ಹಳ್ಳಕ್ಕಿಳಿದು ಹೋದ ಮೇಲೆ,
ಜೌಗಿನ ನೊರಜುಗಳು ಮೋಡವಾಗಿ ಏಳುವ ಮೊದಲು
ಒಂದು ಸಣ್ಣ ಸಂದು ಸಿಗುತ್ತದೆ.
ವರ್ಷವಿಡೀ ಅದರ ಕಡೆಗೇ ನಮ್ಮ ಮುಖ.

ಇಷ್ಬೆಲ್‌ಗೆ ಫೋನು ಬೇಡ, ದಾರ ಬೇಕು.
ಕೆಂಪು ಉಣ್ಣೆಯ ಎಳೆಯನ್ನು ಕಾಲುದಾರಿಯ ಮೇಲೆ
ಡೊಂಕಿಗೆ ಡೊಂಕು ಬಗ್ಗಿಸಿಡುತ್ತಾಳೆ,
ಉಗುರಿನಿಂದ ಒತ್ತಿ, ಎತ್ತಿ, ಅಳತೆಪಟ್ಟಿಗೆ ಹಿಡಿದು
‘ಹತ್ತೊಂಬತ್ತು’ ಅನ್ನುತ್ತಾಳೆ
ಬಟ್ಟೆಯಂಗಡಿಯವಳ ಹಾಗೆ.
ಏರು ಮಾತ್ರ ದಾರಕ್ಕೆ ತಿಳಿಯುವುದಿಲ್ಲ.
ಗೆರೆಗೆ ಗೆರೆ ಅಂಟಿ ಕಂದು ಗಟ್ಟಿಯಾದಲ್ಲಿ
ನಾನು ಬೆರಳಿಟ್ಟು ಸುಮ್ಮನೆ ಕೂರುತ್ತೇನೆ.
ಆ ಲಿಪಿ ಓದುವುದು ಮೊಣಕಾಲು.

ಮೂರನೇ ರಾತ್ರಿ ಬೀಗವಿಲ್ಲದ ಕಲ್ಲುಮನೆ.
ಒಂದು ಒಲೆ, ಒಂದು ಸಲಿಕೆ, ಇಲಿಗಳ ಸಂಸಾರ.
ಏಳನೇ ದಿನಕ್ಕೆ ಅಂಚೆಯಲ್ಲಿ
ನಮಗೆ ನಾವೇ ಕಳಿಸಿಕೊಂಡ ಪೊಟ್ಟಣ:
ಓಟ್ಸು, ಬೇಳೆ, ಒಣಸೇಬು, ಒಗೆದ ಕಾಲುಚೀಲ.
ಚೀಸ್ ಬೇಡ. ಕಳೆದ ಸಲ
ಅಂಚೆಯಾಕೆ ಕಿಟಕಿ ತೆರೆದಿಟ್ಟುಕೊಂಡು ಕೂತಿದ್ದಳು.

ಟಾರ್ಕ್ವಿಲ್ ನಡೆಯುವವನಲ್ಲ, ತೂಗುವವನು.
ಚಮಚ, ಬೆಂಕಿಪೊಟ್ಟಣ, ಸೂಜಿದಾರ
ಎಲ್ಲ ಒಮ್ಮೆ ಅಡುಗೆಮನೆಯ ತಕ್ಕಡಿ ಹತ್ತಿ ಇಳಿಯಬೇಕು.
ನಮ್ಮ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು
ಗರಗಸದಿಂದ ಅರ್ಧ ಕೊಯ್ದವನೂ ಅವನೇ.
‘ನಿಮ್ಮ ಮಾತನ್ನು ತೂಗಿದರೆ ಈ ತಕ್ಕಡಿ ಮುರಿದೀತು’
ಅನ್ನುತ್ತಾ ಚಹಾ ಇಟ್ಟು ಹೋಗುತ್ತಾನೆ.

ನಕ್ಷೆಯ ನಡುಮಡಿಕೆ ಸವೆದು ತೂತಾಗಿದೆ.
ಒಂಬತ್ತನೇ ದಿನ ದಾಟಬೇಕಾದ ಹೊಳೆ ಆ ತೂತಿನಲ್ಲಿದೆ.
ಸೇತುವೆ ಇದೆಯೋ ಕೊಚ್ಚಿಹೋಯಿತೋ,
ಕಾಣುವುದು ಮೇಜಿನ ಮರ ಅಷ್ಟೆ.
ಹಿಂದೊಮ್ಮೆ ಅಲ್ಲೇ ಸೊಂಟಮಟ್ಟ ನೀರಲ್ಲಿ
ಅವಳ ಚೀಲದ ಪಟ್ಟಿ ನನ್ನ ಮುಷ್ಟಿಯಲ್ಲಿ,
ನನ್ನ ಬೈಗುಳ ಅವಳ ಕಿವಿಯಲ್ಲಿ.
ಇಬ್ಬರೂ ಆ ತೂತು ನೋಡಿ ನಗುತ್ತೇವೆ. ನೆಗೆಯುವ ವಯಸ್ಸಲ್ಲ.

ಒಂದು ಗುಟ್ಟು.
ಅವಳು ಬರುವ ಮೊದಲೇ ನಾನು ಪೆನ್ಸಿಲು ಹಿಡಿದು
ಇಪ್ಪತ್ತಾರು ಕಿಲೋಮೀಟರನ್ನು ಹದಿನೇಳು ಮಾಡಿದ್ದೆ,
ಕಾರಣಗಳನ್ನೂ ಜೋಡಿಸಿಟ್ಟಿದ್ದೆ:
ಅಲ್ಲಿ ಸ್ಕೋನ್ ಬಿಸಿಬಿಸಿ ಸಿಗುತ್ತದೆ,
ಇಲ್ಲಿ ಹಳೆಯ ಇಗರ್ಜಿ, ನೋಡದೆ ಹೋಗುವುದುಂಟೆ.
ಸೊಂಟಕ್ಕೆ ಲೋಹ ಕೂರಿಸಿಕೊಂಡು ಬಂದವಳ ಮುಂದೆ
ಪಾಪ ಅನ್ನುವ ಸದ್ದೂ ಹೊರಡಬಾರದು.

ಇಷ್ಬೆಲ್ ವಾದಿಸಲಿಲ್ಲ.
ಮಳೆಯ ಜತೆಗೂ ವಾದಿಸುವವಳು
‘ಹೂಂ, ಸ್ಕೋನು’ ಅಂದು ಮತ್ತೆ ದಾರ ಎತ್ತಿಕೊಂಡಳು.
ಆಗ ಕಂಡಿತು.
ನೇರ ದಾರಿಯಲ್ಲೂ ಅವಳ ಎಳೆ ಸೊಟ್ಟಗೆ ನಡೆಯುತ್ತಿದೆ.
ಕೆರೆಯ ದಂಡೆಯಲ್ಲಿ ಇಲ್ಲದ ಮೂರು ತಿರುವು,
ಬಯಲಲ್ಲಿ ಬೇಕೆಂದೇ ಬಿಟ್ಟ ಸಡಿಲ.
‘ಅಯ್ಯೋ, ಇದೂ ಇಪ್ಪತ್ತನಾಲ್ಕು! ಹೆಚ್ಚಾಯಿತಲ್ಲವೇ,
ಇಲ್ಲೇ ಒಂದು ರಾತ್ರಿ ನಿಲ್ಲೋಣ’ ಅಂದಳು
ನನ್ನ ಮೊಣಕಾಲಿನ ಕಡೆ ಕಣ್ಣು ಹಾಯಿಸದೆ,
ತುಂಬ ಕಷ್ಟಪಟ್ಟು ಹಾಯಿಸದೆ.

ನಾನು ಬರೆದುಕೊಂಡೆ: ಇಪ್ಪತ್ತನಾಲ್ಕು.

ಟಾರ್ಕ್ವಿಲ್ ಲೋಟ ತೆಗೆಯಲು ಬಂದವನು ಪಟ್ಟಿ ನೋಡಿ
‘ಹದಿನಾಲ್ಕು ದಿನ ಅಂದಿದ್ದಿರಿ,
ಇಲ್ಲಿ ಹತ್ತೊಂಬತ್ತಾಗಿದೆ?’ ಅಂದ.
ಯಾರೂ ಉತ್ತರಿಸಲಿಲ್ಲ.
ಅವಳು ದಾರವನ್ನು ಕಿರುಬೆರಳಿಗೆ ಸುತ್ತುತ್ತಿದ್ದಳು.

ಉಪ್ಪು ಎತ್ತಿದೆ, ಸೀಸೆ ಎತ್ತಿದೆ.
ನಕ್ಷೆ ತನ್ನ ಹಳೆಯ ಅಭ್ಯಾಸಕ್ಕೆ ಮಡಚಿಕೊಂಡಿತು.
ಪಡುಗಡಲು ಮೂಡುಗಡಲಿಗೆ ತಾಗಿತು,
ನಡುವೆ ಎಲ್ಲೋ ಆ ತೂತು.

ದೋಣಿಯವನಿಗೆ ಸೋಮವಾರ ಫೋನು ಮಾಡಬೇಕು.
ಮಾತಾಡುವುದು ಅವಳೇ.
ನನಗಾದರೆ ಹಿರಿಯರ ರಿಯಾಯಿತಿ ಕೇಳಲು ನಾಚಿಕೆ.