ಐದನೆಯ ಹುಕ್ಕು

ಪರೇಲಿನ ಚಾಳು. ಮೆಟ್ಟಿಲಡಿಯ ಗೂಡಿನಲ್ಲಿ
ಪಾಟಣಕರ ಮಾಸ್ತರರ ಅಂಗಡಿ.
ನಾನು ಕಾಜಾ ಹುಡುಗ, ವಯಸ್ಸು ಹನ್ನೆರಡು,
ಕುಂದಾಪುರದಿಂದ ಬಂದು ಎರಡು ಮಳೆ.

ಹೊಸ ಪಿಕ್ಚರ್ ಬಿತ್ತೆಂದರೆ
ಗಿರಾಕಿ ಹೆಂಗಸರು ತಲೆಗೆ ಒಂದಾಣೆ ಕೂಡಿಸಿ
ನನ್ನ ಟಿಕೀಟಿಗೆ ಕೊಡುವರು.
ಮಾಸ್ತರರು ದಾರದ ತುಂಡೊಂದನ್ನು ಕೈಗಿಟ್ಟು:
'ಕತೆ ಬೇಡ. ಕಣ್ಣೀರು ಬೇಡ. ಬೆನ್ನು ನೋಡು.
ಕೊರಳು ಎಷ್ಟು ಬೆರಳು ಇಳಿದಿದೆ,
ತೋಳಿಗೆ ನಿರಿಗೆ ಎಷ್ಟು, ಹುಕ್ಕು ಎಷ್ಟು,
ಎಣಿಸಿ ಗಂಟು ಹಾಕಿಕೊಂಡು ಬಾ.'

ಹಾಗಾಗಿ ಆ ಕಾಲದ ಯಾವ ಸಿನಿಮಾದ ಕೊನೆಯೂ
ನನಗೆ ಗೊತ್ತಿಲ್ಲ.
ಯಾರು ಯಾರನ್ನು ಕಟ್ಟಿಕೊಂಡರೋ,
ರೈಲು ಹತ್ತಿದವನು ಮರಳಿ ಬಂದನೋ.
ಇಂಟರ್ವಲ್ಲಿಗೆ ಮುಂಚೆ ಓಡಿಬಂದು
ಗಂಟುಗಳನ್ನು ಕತ್ತರಿಯ ಮುಂದೆ ಇಡುವುದು, ಅಷ್ಟೇ.

ಆ ಒಂದು ಚಿತ್ರದಲ್ಲಿ
ನಾಯಕಿ ಬಾಗಿಲಿಗೆ ಹಣೆಯೊತ್ತಿ ಅತ್ತಳು, ನಮ್ಮ ಕಡೆ ಬೆನ್ನು.
ಥಿಯೇಟರೆಲ್ಲ ಮೂಗೊರೆಸಿಕೊಳ್ಳುತ್ತಿದೆ.
ನಾನು: ಫುಗ್ಗಾ ತೋಳು, ನಿರಿಗೆ ಹನ್ನೊಂದು,
ಹುಕ್ಕು ಒಂದು, ಎರಡು, ಮೂರು, ನಾಲ್ಕು...
ಐದರ ಮೇಲೆ ಜಡೆ.
ಮೂರು ಸಲ ಹೋದೆ. ಮೂರು ಸಲವೂ
ಅಲುಗಲಿಲ್ಲ ಆ ಹಾಳು ಜಡೆ.
'ಐದು' ಎಂದೆ ಅಂದಾಜಿಗೆ.

'ಬಣ್ಣ?' ಎಂದರು ಹೆಂಗಸರು.
ಬಣ್ಣ!
ಪರದೆಯ ಮೇಲಿದ್ದದ್ದು ಬೂದಿ, ಮಸಿ, ಸುಣ್ಣ.
ಏಳು ಜೊತೆ ಕಣ್ಣು ನನ್ನ ಬಾಯಿಯ ಮೇಲೆ.
ಬೇಸಗೆ. ಗಂಟಲು ಒಣಗಿತ್ತು.
'ಪುನರ್ಪುಳಿ' ಅಂದುಬಿಟ್ಟೆ.
'ಹಾಗಂದ್ರೆ?'
'ಕೋಕಮ್ ಶರಬತ್ತು.'

ಆ ವಾರ ಚಾಳಿನ ನಲ್ಲಿಯಡಿ
ಮೋರಿ ಕೆಂಪಗೆ ಹರಿಯಿತು.

ವೈಂಡಿಂಗ್ ಖಾತೆಯ ಸಿಂಧು ಪರಬ್
ಗಿರಣಿಗೂ ಅದನ್ನೇ ತೊಟ್ಟು ಹೋದಳು.
ಮುಕಾದಮ ಗದರಿದ, ತೋಳು ಯಂತ್ರಕ್ಕೆ ಸಿಕ್ಕೀತೆಂದು.
ಮರುದಿನದಿಂದ ತೋಳಿಗೆ ಬಿಗಿಯಾಗಿ ನೂಲು ಸುತ್ತಿ ಒಳಗೆ;
ಭೋಂಗಾ ಕೂಗಿತೆಂದರೆ ಗೇಟಿನಾಚೆ ನಿಂತು
ನೂಲು ಬಿಚ್ಚಿ, ಒಂದೊಂದೇ ನಿರಿಗೆ ಚಿವುಟಿ ಎಬ್ಬಿಸಿ,
ತಲೆಯ ಮೇಲಿನ ಹತ್ತಿ ಕೊಡವಲೂ ಮರೆತು
ಸೊಪ್ಪಿನವಳ ಹತ್ತಿರ ಚೌಕಾಸಿಗೆ ನಿಂತರೂ
ರಸ್ತೆಗೆ ಬೆನ್ನು ಕೊಟ್ಟೇ ನಿಲ್ಲುವಳು.
ಅಳಲಿಲ್ಲ ಮಾತ್ರ. ಅರ್ಧಾಣೆ ಇಳಿಸಿಯೇ ಬರುವಳು.

ಗಣಪತಿ ಹಬ್ಬಕ್ಕೆ ಫೋಟೋ ತೆಗೆಸಿದಳು.
ಮತ್ತೆ ಅದೇ ಬೂದಿ, ಮಸಿ, ಸುಣ್ಣ.
ಹಿಂದೆ ಬಣ್ಣದ ಹೆಸರು ಬರೆದುಕೊಡು ಎಂದಳು ನನಗೆ.
ಮರಾಠಿ ಅಕ್ಷರ ಬಾರದು. ಕನ್ನಡದಲ್ಲೇ ಬರೆದೆ.
ಆ ಚಾಳಿನಲ್ಲಿ ಅದನ್ನು ಓದಬಲ್ಲವನು
ನಾನೊಬ್ಬನೇ.

ಮಾಸ್ತರರು ಹೋದ ಮೇಲೆ ಅಂಧೇರಿಯ ಗೋದಾಮೊಂದರಲ್ಲಿ
ಸಿನಿಮಾ ಬಟ್ಟೆಗಳಿಗೆ ಇಸ್ತ್ರಿ, ರಫೂ, ನುಸಿಗುಳಿಗೆ.
ರಾಜರ ಅಂಗಿ, ಪೋಲೀಸರ ಅಂಗಿ ಒಂದೇ ಗಳದಲ್ಲಿ.
ಒಂದು ಮಧ್ಯಾಹ್ನ ತಗಡಿನ ಪೆಟ್ಟಿಗೆಯ ತಳದಲ್ಲಿ
ತೋಳೊಂದು ಸಿಕ್ಕಿತು.
ಕಣ್ಣಿಗಿಂತ ಮೊದಲು ಬೆರಳು ಎಣಿಸಿತು:
ಹನ್ನೊಂದು.

ಬಣ್ಣ ಪಾಚಿಹಸಿರು, ಅದೂ ಮಾಸಿದ್ದು.
ಕಂಕುಳಲ್ಲಿ ಬೆವರಿನ ಹಳದಿ ನಕ್ಷೆ.
ಒಳಗೆ ಅಗ್ಗದ ಮಾದರಪಾಟು.
ಬೆನ್ನಲ್ಲಿ ಹುಕ್ಕು ನಾಲ್ಕೇ.
ಐದನೆಯದರ ಜಾಗದಲ್ಲಿ ಒಂದು ಪಿನ್ನು,
ತುಕ್ಕು ಹಿಡಿದು ಬಟ್ಟೆಗೆ ಕಚ್ಚಿಕೊಂಡಿತ್ತು.
ಆ ಜಡೆ ಸುಮ್ಮನೆ ಬಿದ್ದಿರಲಿಲ್ಲ.

ಪರೇಲಿನ ಏಳು ರವಿಕೆಗೂ
ಐದೈದು ಹುಕ್ಕು ನಾನೇ ಹೊಲಿದಿದ್ದೆ,
ಒಂದೊಂದಕ್ಕೆ ಆರು ಸುತ್ತು.

ಪಿನ್ನು ಕಿತ್ತೆ. ಸೂಜಿ ತೆಗೆದೆ.
ಯಾರೂ ಇನ್ನು ತೊಡುವ ಬಟ್ಟೆಯಲ್ಲ,
ಆದರೂ ಹಾಗೇ ಬಿಡಲು ಕೈ ಕೇಳಲಿಲ್ಲ.
ಡಬ್ಬಿಯಲ್ಲಿ ಹಸಿರು ದಾರ ಮೇಲೆಯೇ ಇತ್ತು.
ನಾನು ಕೋಕಮ್ ಬಣ್ಣದ್ದು ಹುಡುಕಿದೆ.