ಆನಿ ಕಿವಿ

ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ
ಅಂತಾರ ದೂರದ ಮಂದಿ.
ದಿನಾ ಪೂರ್ತಿ ತುಂಬು ಬಿಡಿಸಿದ ಬೆರಳಿಂದ
ಒಮ್ಮೆ ತೊಡಿಸಂದಿ ಮುಟ್ಟಿಕೊಂಡ ನೋಡ್ರಿ,
ಆಮ್ಯಾಲ ಹೇಳ್ರಿ.

ನಾ ಮುಟ್ಟಿಕೊಂಡೇನಿ.
ಗೋದಾಮಿನ ಹಿಂದ, ಖಾಲಿ ಚೀಲದ ಮರಿಯಾಗ.
ಒಂದ ಗಳಿಗಿ ಸುಖ ಅನಿಸಿತು.
ಉಳಿದ ಹಗಲೆಲ್ಲ ಹಲ್ಲ ಕಚ್ಚಿಕೊಂಡ
ಕಾಲ ಬದಲಿಸ್ತಾ ಕುಂತೆ.
"ಯಾಕ ನೀಲವ್ವ, ಇರಿವಿ ಹತ್ಯಾವೇನ?" ಅಂದ ಮೇಸ್ತ್ರಿ.
ಹೂಂ, ಇರಿವಿ ಅಂದೆ.

ಮೊದಲ ಎಂಟಾಣೆಯಷ್ಟ ಇತ್ತು.
ನಡುವ ಮಾಸಲು, ಅಂಚಿಗೆ ಕೆಂಪು.
ಗಜಕರ್ಣ ಅಂದಳು ಹುಸೇನಬಿ,
ನಾ ತೋರಸಲಿಲ್ಲ, ಕುಂತ ರೀತಿ ನೋಡೇ ಅಂದಳು.
ಆನಿ ಕಿವಿ!
ಖರೇನ, ಕಿವಿಯಂಗ ಹರಡಿತು, ಎರಡೂ ಕಡಿ.
ಇಷ್ಟ ದೊಡ್ಡ ಕಿವಿ ಇದ್ದೂ
ನಾ ಹೇಳಿದ್ದೊಂದೂ ಕೇಳಲಿಲ್ಲ ಅದು.

ಬೇವಿನ ಎಣ್ಣಿ ಹಚ್ಚಿದೆ. ತಗಚಿ ಎಲಿ ಅರದ ಹಚ್ಚಿದೆ.
ಅತ್ತಿ ಹೇಳಿದ ಗಂಧಕ, ಕೊಬ್ಬರಿ ಎಣ್ಣ್ಯಾಗ ಕಲಿಸಿ.
ಆಮ್ಯಾಲ ಮೆಡಿಕಲ್ ಶಾಪು.
ನಾಲ್ಕ ಮಂದಿ ಗಂಡಸರ ನಿಂತಿದ್ರು,
"ಕೈಗೆ ತುರಿ ಆಗೇತಿ" ಅಂದೆ.
ಹುಡುಗ ಕೈ ನೋಡಲಿಲ್ಲ. ಟ್ಯೂಬ್ ಕೊಟ್ಟ.

ಎರಡ ದಿನಕ್ಕ ಮಾಯ!
ಮೂರನೇ ವಾರ ಮತ್ತ ಬಂತು, ನೆಂಟರನ್ನ ಕರಕೊಂಡ.
ಮತ್ತ ಟ್ಯೂಬ್. ಮತ್ತ ಮಾಯ. ಮತ್ತ.
ಒಂದ ವರ್ಷ ಅದರ ಬಾಲ ಸುತ್ತಿ ಸುತ್ತಿ ಹಿಂಡಿದೆ,
ಚರ್ಮ ಉಳ್ಳಾಗಡ್ಡಿ ಸಿಪ್ಪಿಯಂಗ ತೆಳ್ಳಗಾತು.
ರಾತ್ರಿ ಗಂಡ ಮಗ್ಗಲಾಗಿ ಕೈ ಹಾಕಿದರ
ಮೈಯಾಗ ಆರಾಮಿಲ್ಲ ಅಂತಿದ್ದೆ.
ಎಂಟ ತಿಂಗಳ. ಅಂವ ಏನ ತಿಳಕೊಂಡಿದ್ನೋ.

ಒಂದ ಬೆಳಗಿನ ಜಾವ ಎಚ್ಚರಾತು.
ಕತ್ತಲದಾಗ ಪರ್ ಪರ್ ಅಂತ ಕೆರಕೊಳ್ಳೋ ಸಪ್ಪಳ.
ನಂದಲ್ಲ.

ಉಸಿರ ಹಿಡಕೊಂಡ ಮಕ್ಕೊಂಡಿದ್ವಿ ಇಬ್ಬರೂ.
ಯಾರ ಮೊದಲ ನಕ್ಕರೋ ಗೊತ್ತಿಲ್ಲ.

ಹಾವೇರಿ ದವಾಖಾನಿ. ಡಾಕ್ಟರ್ ಬಾಯಿ ಸಣ್ಣ ಹುಡುಗಿ,
ವಿಜಾಪುರ ಕಡಿಯಾಕಿ, ಮಾತ ಬಿರಸು.
ಟ್ಯೂಬ್ ನೋಡಿದ್ದ ತಡ ಕಸದ ಬುಟ್ಟಿಗೆ ಒಗದಳು.
"ಕೆಂಡದ ಮ್ಯಾಲ ಚಾಪಿ ಹಾಸಿದಂಗಬೇ ಇದು.
ಕಾಣೂದಿಲ್ಲ, ಕೆಳಗ ಉರೀತಿರತೈತಿ."
ಗುಳಿಗಿ ಇಬ್ಬರಿಗೂ. ಕಲೆ ಹೋದ ಮ್ಯಾಲೂ ಬಿಡಬಾರದು.
ಒಂದ ಟವೆಲ್‌ಗೆ ಇಬ್ಬರು ಒರಸಿಕೊಳ್ಳಬಾರದು.
ಎದ್ದ ಮ್ಯಾಲ ಕೇಳಿದಳು,
"ಒಳ ಅರಿವಿ ಎಲ್ಲಿ ಒಣಗಸ್ತಿ?"

ಎಲ್ಲಿ ಒಣಗಸ್ತಾರ?
ಬಚ್ಚಲದಾಗ, ಬಾಗಲ ಹಿಂದ, ಮೊಳಿಗೆ,
ಮ್ಯಾಲ ಹಳೇ ಸೀರಿ ಹೊದಿಸಿ,
ನಮ್ಮವ್ವ ಒಣಗಿಸಿದಂಗ, ಆಕಿ ಅವ್ವ ಒಣಗಿಸಿದಂಗ.
ಮುಂಜಾನಿ ಅರೆಹಸಿ ಹಾಕ್ಕೊಂಡ ಕೆಲಸಕ್ಕ ಹೋಗೂದು.

ಬರುವಾಗ ಬಸ್ಸಿನ ಕಿಡಕ್ಯಾಗ ನೋಡಿದೆ,
ಮೋಟೆಬೆನ್ನೂರ ದಾಟಿದ ಮ್ಯಾಲ,
ಕಣದ ತುಂಬ ಮೆಣಸಿನಕಾಯಿ
ಕೆಂಪಗ, ಅಂಗಾತ, ನಾಚಿಕಿ ಇಲ್ಲದ ಬಿದ್ದಿದ್ದವು.
ಹದಿನಾಕ ವರ್ಷ ಅವಕ್ಕ ಬಿಸಿಲ ತೋರಿಸೇನಿ.
ಒಂದ ಹಸಿ ಕಾಯಿ ಉಳದರ ಚೀಲ ಪೂರ್ತಿ ಬೂಸರ ಹಿಡಿತೈತಿ ಅಂತ
ಹೊಸಾ ಹೆಣ್ಮಕ್ಕಳಿಗೆ ಹೇಳಿಕೊಟ್ಟಾಕಿ ನಾನ.

ಐತವಾರ ಅಂಗಳದಾಗ ಗಂಡ ಹಗ್ಗ ಕಟ್ಟಿದ.
ಸುಡ ಸುಡ ನೀರಾಗ ಅದ್ದಿದ ಲಂಗ, ಚಡ್ಡಿ, ಅವನ ಪಟ್ಟಾಪಟ್ಟಿ.
ಸೀರಿ ಹೊದಿಸಲಿಲ್ಲ.
ಅತ್ತಿ ಒಳಗ ಹೋಗಿ ಬಾಗಲ ಹಾಕಿಕೊಂಡಳು.
ಎದರ ಮನಿ ಮಾಸ್ತರ ಪೇಪರ್ ಎತ್ತರಕ್ಕ ಹಿಡದ.
ಹುಸೇನಬಿ ಬಂದಳು, ಹಗ್ಗದ ಈ ತುದಿ ಆ ತುದಿ ನೋಡಿದಳು,
"ಇನ್ನ ಜಾಗಾ ಐತೇನ?" ಅಂದಳು.

ಪೂರ್ತಿ ಹೋಗಿಲ್ಲ ಇನ್ನೂ. ಇದು ಐದನೇ ವಾರ.
ಕಿವಿ ಸಣ್ಣದಾಗೇತಿ, ಕೆಲವು ರಾತ್ರಿ ಮತ್ತ ನಿಮಿರತೈತಿ.
ಸಂಜಿಗೆ ನನ್ನ ಬೆರಳಿಗೆ ಖಾರ ಇರತೈತಂತ
ಗುಳಿಗಿ ಅಂವನ ಬಿಡಸ್ತಾನ,
ತುಂಬು ಬಿಡಿಸಿದಂಗ, ಪಟ್ ಅಂತ,
ಒಂದ ತನಗ, ಒಂದ ನನ್ನ ಬಾಯಿಗೆ.